ಅಂಕೋರ್‌ಗೆ ಜೋಡಿಯಾಗಿ ಹೋಗೋರೇ, ಆ ಸೂರ್ಯೋದಯ ಬಿಟ್ಟಾಕಿ

ಕಾಂಬೋಡಿಯಾದ ಅಂಕೋರ್ ದೇವಸ್ಥಾನಗಳನ್ನ ನೋಡೋಕೆ ಪಕ್ಕದ ಊರು ಸಿಯೆಮ್ ರೀಪ್‌ಗೆ ಹೋಗ್ತೀವಿ, ಹಲಾಲ್ ಊಟ ಸಿಗುತ್ತಾ, ಎಷ್ಟು ದಿನ ಬೇಕು ಅಂತ ಹೊಸದಾಗಿ ಮದ್ವೆ ಆದವ್ರು ಇನ್‌ಬಾಕ್ಸಲ್ಲಿ ಕೇಳ್ತಾನೇ ಇರ್ತಾರೆ, ಅವ್ರು ಕಳ್ಸೋ ಪ್ಲ್ಯಾನ್ ನೋಡಿದ್ರೆ ನಂಗೆ ತಲೆ ಬಿಸಿ ಆಗುತ್ತೆ. ಬೆಳಿಗ್ಗೆ ನಾಲ್ಕೂವರೆಗೆ ಟುಕ್‌ಟುಕ್, ಸೂರ್ಯೋದಯ, ಆಮೇಲೆ ಒಂದರ ಹಿಂದೆ ಒಂದು ದೇವಸ್ಥಾನ, ಸಂಜೆ ಗುಡ್ಡ ಹತ್ತಿ ಸೂರ್ಯಾಸ್ತ. ಇದ್ರಲ್ಲಿ ನಮಾಜ್ ಎಲ್ಲಿ, ನಿದ್ದೆ ಎಲ್ಲಿ, ಇಬ್ರೂ ಕೂತು ನಾಲ್ಕು ಮಾತಾಡೋದು ಎಲ್ಲಿ?

ಮೊದ್ಲು ಆ ಸೂರ್ಯೋದಯನ ಬಿಡಿ. ಕೋಪ ಮಾಡ್ಕೋಬೇಡಿ, ಕಾರಣ ಹೇಳ್ತೀನಿ. ಎಲ್ರೂ ಸೂರ್ಯೋದಯ ನೋಡೋಕೆ ಹೋಗೋ ಅಂಕೋರ್ ವಾಟ್ ದೇವಸ್ಥಾನದ ಗೇಟ್ ತೆಗೆಯೋದು ಬೆಳಿಗ್ಗೆ ಐದಕ್ಕೆ, ಡಿಸೆಂಬರಲ್ಲಿ ಅಲ್ಲಿ ಸುಬಹಿ ವಕ್ತ್ (ಬೆಳಗಿನ ನಮಾಜಿನ ಹೊತ್ತು) ಆಗೋದೂ ಹೆಚ್ಚು ಕಮ್ಮಿ ಅದೇ ಹೊತ್ತಿಗೆ. ಅಂದ್ರೆ ವಕ್ತ್ ಆಗುವಾಗ ನೀವು ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಕೊಳದ ದಡದಲ್ಲಿ ಜಾಗಕ್ಕೆ ನೂಕಾಡ್ತಾ ಇರ್ತೀರ, ಜಾಗ ಬಿಟ್ರೆ ಫೋಟೋ ಹೋಯ್ತು, ಬಿಡದಿದ್ರೆ ನಮಾಜ್ ಹೋಯ್ತು. ಅದೂ ಅಲ್ದೆ ಆ ದೇವಸ್ಥಾನ ಪಶ್ಚಿಮಕ್ಕೆ ಮುಖ ಮಾಡಿರೋದು. ಬೆಳಗಿನ ಸೂರ್ಯ ಬರೋದು ಅದ್ರ ಬೆನ್ನ ಹಿಂದಿಂದ, ಹಾಗಾಗಿ ನಿಮ್ಗೆ ಕಾಣೋದು ಕಪ್ಪು ಆಕಾರ ಮಾತ್ರ. ಕಲ್ಲಿನ ಮೇಲೆ ನೇರವಾಗಿ ಬಿಸಿಲು ಬೀಳೋದು ಮಧ್ಯಾಹ್ನ ಇಳಿದ ಮೇಲೆ, ಆಗ ಇಡೀ ಮುಂಭಾಗ ಜೇನಿನ ಬಣ್ಣಕ್ಕೆ ತಿರುಗುತ್ತೆ. ಡಿಸೆಂಬರಲ್ಲಿ ಅಸರ್, ಅಂದ್ರೆ ಮಧ್ಯಾಹ್ನ ಇಳಿದ ಮೇಲಿನ ನಮಾಜ್, ಮೂರೂಕಾಲರ ಹೊತ್ತಿಗೆ ಆಗುತ್ತೆ (ನಾವು ಶಾಫಿ ಪಂಥದವ್ರು, ಹನಫಿ ಪಂಥದವ್ರಿಗೆ ಇನ್ನೂ ಸ್ವಲ್ಪ ಲೇಟು). ರೂಮಲ್ಲೇ ಅಸರ್ ಮುಗಿಸ್ಕೊಂಡು ಹೊರಟ್ರೆ ಊರಿಂದ ಅಲ್ಲಿಗೆ ಆರೇಳು ಕಿಲೋಮೀಟರ್ ಅಷ್ಟೆ, ಆರಾಮಾಗಿ ನೋಡ್ಕೊಂಡು ಐದೂವರೆಗೆ ಅವ್ರು ಬಾಗಿಲು ಹಾಕುವಾಗ ಎದ್ದು ಬಂದ್ರೆ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜ್‌ಗೆ ರೂಮಲ್ಲಿ ಇರ್ತೀರ. ಇಷ್ಟು ಚೆಂದಕ್ಕೆ ಹೊಂದೋ ಟೈಮ್ ಟೇಬಲ್‌ನ ಬಿಟ್ಟು ಬೆಳಿಗ್ಗೆ ನೂಕಾಟಕ್ಕೆ ಹೋಗೋದು ಯಾಕೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಟಿಕೆಟ್ ವಿಷ್ಯದಲ್ಲೂ ಜನ ಜಿಪುಣತನ ಮಾಡಿ ನಷ್ಟ ಮಾಡ್ಕೊಳ್ತಾರೆ. ಒಂದು ದಿನದ ಪಾಸ್ 37 ಡಾಲರ್, ಮೂರು ದಿನದ್ದು 62 ಡಾಲರ್. ಒಂದೇ ದಿನದ್ದು ತಗೊಂಡ್ರೆ ಕೊಟ್ಟ ಕಾಸು ವಸೂಲಿ ಮಾಡೋ ಹಟಕ್ಕೆ ಬಿದ್ದು ನಡುಮಧ್ಯಾಹ್ನದ ಬಿಸಿಲಲ್ಲೂ ಅಲೀತೀರ. ಮೂರು ದಿನದ್ದನ್ನ ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದ್ರೂ ಉಪಯೋಗಿಸ್ಬಹುದು, ಸತತವಾಗಿ ಹೋಗ್ಬೇಕು ಅಂತೇನಿಲ್ಲ, ಒಂದು ದಿನ ಹೋಗಿ ಮಾರನೇ ದಿನ ಏನೂ ಮಾಡ್ದೆ ಬಿದ್ಕೊಳ್ಳಿ. ನನ್ನ ಲೆಕ್ಕದಲ್ಲಿ ಒಂದು ಹೊತ್ತಿಗೆ ಒಂದೇ ದೇವಸ್ಥಾನ, ತುಂಬಾ ಅಂದ್ರೆ ಎರಡು. ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆ, ಆಮೇಲೆ ವಾಪಸ್, ಸ್ನಾನ, ಲುಹರ್ (ಮಧ್ಯಾಹ್ನದ ನಮಾಜ್), ಊಟ, ಒಂದು ಒಳ್ಳೆ ನಿದ್ದೆ. ಆ ಊರಿನ ಸೆಖೆ ಹಾಗಿದೆ ಮಾರಾಯ್ರೇ, ಹನ್ನೊಂದರ ಮೇಲೆ ಕಲ್ಲೇ ಬಿಸಿ ಉಗುಳುತ್ತೆ.

ಮುಸ್ಲಿಮರಾಗಿ ದೇವಸ್ಥಾನ ನೋಡೋಕೆ ಯಾಕೆ ಹೋಗ್ತೀರಿ ಅಂತ ಕೇಳೋರೂ ಇದ್ದಾರೆ. ನೋಡೋಕೆ ಹೋಗೋದು, ಅಷ್ಟೇ. ಪೂಜೆ ಮಾಡೋರಿಗೆ ಜಾಗ ಬಿಟ್ಟು ಮರ್ಯಾದೆಯಿಂದ ನಡ್ಕೊಂಡ್ರೆ ಆಯ್ತು. ಬಟ್ಟೆ ವಿಷ್ಯದಲ್ಲಂತೂ ನಮ್ಗೇ ಲಾಭ, ಅಂಕೋರ್ ವಾಟ್‌ನ ಮೇಲಿನ ಮಹಡಿ ಬಾಕನ್‌ಗೆ ಹೋಗ್ಬೇಕಾದ್ರೆ ಭುಜ, ಮೊಣಕಾಲು ಮುಚ್ಚಿರ್ಬೇಕು. ಚಡ್ಡಿ ಬನಿಯನ್ನಲ್ಲಿ ಬಂದವ್ರನ್ನ ವಾಪಸ್ ಕಳಿಸ್ತಾರೆ, ನಾನು ಉದ್ದ ಕುರ್ತಾ ಹಿಜಾಬಲ್ಲಿ ರಾಣಿ ಹಾಗೆ ಹತ್ಕೊಂಡು ಹೋದೆ. ಮೆಟ್ಟಿಲು ಮಾತ್ರ ತುಂಬಾ ಕಡಿದು, ಮತ್ತೆ ಬೌದ್ಧರ ಪವಿತ್ರ ದಿನಗಳಲ್ಲಿ ಮೇಲೆ ಬಿಡಲ್ಲ, ಮೊದ್ಲೇ ವಿಚಾರಿಸ್ಕೊಳ್ಳಿ.

ಮೇಲೆ ಹತ್ತೋಕೆ ಆಗ್ಲಿಲ್ಲ ಅಂದ್ರೂ ಬೇಜಾರಿಲ್ಲ, ನಿಜವಾದ ಮಜಾ ಇರೋದು ಕೆಳಗಿನ ಪಡಸಾಲೆ ಗೋಡೆಗಳಲ್ಲಿ. ಹನ್ನೆರಡನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಅನ್ನೋ ರಾಜ ಕಟ್ಟಿಸಿದ್ದು, ವಿಷ್ಣು ದೇವಾಲಯ ಆಗಿ ಶುರು ಆಗಿದ್ದು. ಗೋಡೆ ಉದ್ದಕ್ಕೂ ಕುರುಕ್ಷೇತ್ರ, ಲಂಕಾ ಯುದ್ಧ, ಸಮುದ್ರ ಮಥನ. ಮಥನದ್ದೊಂದೇ ಸುಮಾರು 49 ಮೀಟರ್ ಇದೆ! ಬೇರೆ ದೇಶದವ್ರು ಗೈಡ್ ಬಾಯಿ ನೋಡ್ತಾ ನಿಂತಿರ್ತಾರೆ, ನಮ್ಗೆ ಶಾಲೆಯಲ್ಲಿ, ಯಕ್ಷಗಾನದಲ್ಲಿ ನೋಡಿ ಕೇಳಿ ಗೊತ್ತಿರೋ ಕಥೆ. ಬಾಣಗಳ ಮಧ್ಯೆ ಬಿದ್ದಿರೋ ಭೀಷ್ಮನ್ನ ನನ್ನ ಗಂಡನೇ ಮೊದ್ಲು ಗುರುತು ಹಿಡಿದು ನಂಗೆ ತೋರಿಸಿದ್ದು, ಆಮೇಲೆ ಆ ದಿನ ಪೂರ್ತಿ ಅದೇ ಜಂಭ.

ಬಾಯೊನ್ ದೇವಸ್ಥಾನದ ಹೊರಗೋಡೆ ಇನ್ನೊಂದು ಥರ, ಅಲ್ಲಿ ದೇವ್ರಿಗಿಂತ ಜನ ಜಾಸ್ತಿ. ಸಂತೆ, ಕೋಳಿ ಅಂಕ, ಅಡುಗೆ, ಹಂದೀನ ಹಂಡೆಗೆ ಇಳಿಸೋದು ಕೂಡ ಇದೆ (ಇವತ್ತಿನ ಮೆನು ಕಾರ್ಡ್ ಅವತ್ತೇ ಕೆತ್ತಿಟ್ಟಿದ್ದಾರೆ ಅಂತ ನಕ್ಕಿದ್ವಿ). ಅದೇ ಗೋಡೆ ಮೇಲೆ ದೋಣಿ ಯುದ್ಧ ಇದೆ, ಅಂಕೋರ್ ಕಟ್ಟಿದ ಖ್ಮೇರರಿಗೂ ಪಕ್ಕದ ಚಂಪಾ ರಾಜ್ಯದ ಚಾಮರಿಗೂ. ಹನ್ನೆರಡನೇ ಶತಮಾನದಲ್ಲಿ ಚಾಮರು ಅಂಕೋರ್ ಮೇಲೆ ದಾಳಿ ಮಾಡಿದ್ರು, ಆಮೇಲೆ ಖ್ಮೇರ್ ರಾಜ ಏಳನೇ ಜಯವರ್ಮ ಅವ್ರನ್ನ ಸೋಲಿಸಿ ಈ ಬಾಯೊನ್ ಕಟ್ಟಿಸಿದ. ಈಗ ಕೇಳಿ, ಸಿಯೆಮ್ ರೀಪಲ್ಲಿ ನಿಮ್ಗೆ ಹಲಾಲ್ ಊಟ ಹಾಕೋರು ಅದೇ ಚಾಮರ ವಂಶದವ್ರು. ಗೋಡೆ ಮೇಲೆ ಶತ್ರುಗಳು, ಊರೊಳಗೆ ನೆರೆಯವ್ರು. ಅವ್ರ ಚಂಪಾ ರಾಜ್ಯ ಈಗಿನ ವಿಯೆಟ್ನಾಂ ಕರಾವಳಿಯಲ್ಲಿತ್ತು, 1471ರಲ್ಲಿ ರಾಜಧಾನಿ ವಿಜಯ ಬಿದ್ದ ಮೇಲೆ ತುಂಬಾ ಜನ ಈ ಕಡೆ ಬಂದ್ರು, ಕಾಲ ಕಳೆದ ಹಾಗೆ ಹೆಚ್ಚಿನವ್ರು ಮುಸ್ಲಿಮರಾದ್ರು, ಅವ್ರೂ ಶಾಫಿಗಳೇ. 1975ರಿಂದ 79ರವರೆಗೆ ಪೋಲ್ ಪಾಟ್‌ನ ಖ್ಮೇರ್ ರೂಜ್ ಆಡಳಿತದ ಕಾಲದಲ್ಲಿ ಅವ್ರ ಮೇಲೆ ನಡೆದದ್ದನ್ನ 2018ರಲ್ಲಿ ಕೋರ್ಟ್ ನರಮೇಧ ಅಂತಾನೇ ಹೇಳ್ತು. ಇದನ್ನ ಓದ್ಕೊಂಡು ಹೋಗಿ, ಆ ಊಟಕ್ಕೆ ಕೂತಾಗ ಬೇರೆ ಥರ ಅನ್ಸುತ್ತೆ.

ಹೋಟೆಲ್ ವಿಷ್ಯಕ್ಕೆ ಬಂದ್ರೆ, ‘ಹಲಾಲ್ ಫ್ರೆಂಡ್ಲಿ’ ಅಂತ ಬೋರ್ಡ್ ಹಾಕಿ ಪ್ರೈವೇಟ್ ಪೂಲ್ ತೋರಿಸಿ ಡಬ್ಬಲ್ ರೇಟ್ ಹೇಳೋರ ಹಿಂದೆ ಹೋಗ್ಬೇಡಿ. ಊರಲ್ಲೇ ಸ್ಟಂಗ್ ಥ್ಮೇ ಅನ್ನೋ ಕಡೆ ಮಸೀದಿ ಇದೆ, ಹಲಾಲ್ ಊಟದ ಹೋಟೆಲ್‌ಗಳು ಅದ್ರ ಸುತ್ತಮುತ್ತ, ಅಲ್ಲಿಂದ ನಡ್ಕೊಂಡು ಹೋಗೋ ದೂರದಲ್ಲಿ ಒಂದು ಸಣ್ಣ ಶಾಂತವಾದ ಜಾಗ ಹಿಡೀರಿ, ಅರ್ಧ ಚಿಂತೆ ಹೋಯ್ತು. ಪಬ್ ಸ್ಟ್ರೀಟ್ ಹತ್ರ ರೂಮ್ ಬೇಡವೇ ಬೇಡ, ರಾತ್ರಿಯಿಡೀ ಡಬಡಬ. ಪೂಲಿಗೆ ಪೂರ್ತಿ ಮೈ ಮುಚ್ಚೋ ಡ್ರೆಸ್ಸಲ್ಲಿ ಇಳೀಬಹುದಾ, ಮಸಾಜಿಗೆ ಹೆಂಗಸ್ರಿಗೆ ಹೆಂಗಸ್ರೇ ಇರ್ತಾರಾ, ಇದನ್ನ ಬುಕ್ ಮಾಡೋ ಮುಂಚೆನೇ ಮೆಸೇಜ್ ಮಾಡಿ ಕೇಳಿ, ನಾಚ್ಕೋಬೇಡಿ, ಅವ್ರಿಗೆ ಇದೆಲ್ಲ ಹೊಸದಲ್ಲ.

ಊಟಕ್ಕೆ ಅಮೋಕ್ ತಿನ್ಲೇಬೇಕು, ತೆಂಗಿನ ಹಾಲು ಮಸಾಲೆ ಹಾಕಿ ಬಾಳೆ ಎಲೆಯಲ್ಲಿ ಹಬೆಗೆ ಬೇಯಿಸಿದ ಮೀನು, ನಮ್ಮ ಕರಾವಳಿ ನಾಲಿಗೆಗೆ ಏನೂ ಪರಕೀಯ ಅನ್ಸಲ್ಲ. ಲೊಕ್ ಲಾಕ್ ಬೀಫ್‌ನ ಹಲಾಲ್ ಹೋಟೆಲಲ್ಲೇ ತಿನ್ನಿ, ನಿಂಬೆರಸ ಕಾಳುಮೆಣಸಿನ ಚಟ್ನಿ ಜೊತೆ. ಬೀದಿಬದಿಯ ಕುಯ್ ತಿಯಾವ್ ನೂಡಲ್ಸ್ ಸೂಪ್ ಮಾತ್ರ ನೋಡೋಕೆ ಎಷ್ಟೇ ಚೆನ್ನಾಗಿದ್ರೂ ಬೇಡ, ಅದ್ರ ನೀರು ಹೆಚ್ಚಾಗಿ ಹಂದಿ ಮೂಳೆದು. ಅಲ್ಲಿನ ಖ್ಮೇರ್ ಭಾಷೆಯಲ್ಲಿ ‘ಚ್ರೂಕ್’ ಅಂದ್ರೆ ಹಂದಿ, ಇದೊಂದು ಶಬ್ದ ಕಲ್ತುಕೊಂಡ್ರೆ ಸಾಕು.

ದುಡ್ಡು ಡಾಲರಲ್ಲೇ ನಡೆಯುತ್ತೆ, ಚಿಲ್ಲರೆ ಅಲ್ಲಿನ ದುಡ್ಡು ರಿಯೆಲ್‌ನಲ್ಲಿ ಕೊಡ್ತಾರೆ, ಒಂದು ಡಾಲರಿಗೆ ಸುಮಾರು ನಾಲ್ಕು ಸಾವಿರ. ನೋಟು ಒಂಚೂರು ಹರಿದಿದ್ರೂ ತಗೊಳ್ಳಲ್ಲ. 2023ರಲ್ಲಿ ಶುರುವಾದ ಹೊಸ ಏರ್‌ಪೋರ್ಟ್ ಊರಿಂದ ನಲ್ವತ್ತು ಕಿಲೋಮೀಟರ್‌ಗೂ ಜಾಸ್ತಿ, ಹಳೇ ಬ್ಲಾಗ್ ನೋಡಿ ಹತ್ತು ನಿಮಿಷ ಅನ್ಕೊಂಡು ವಾಪಸ್ ಬರೋ ದಿನ ಓಡಾಡ್ಬೇಡಿ.

ಇನ್ನು ಗಂಡ ಹೆಂಡ್ತಿ ವಿಷ್ಯ. ಒಬ್ರಿಗೆ ಕಲ್ಲು ಇಷ್ಟ, ಇನ್ನೊಬ್ರಿಗೆ ಎಸಿ ಇಷ್ಟ, ಎಲ್ಲ ಮನೆಯಲ್ಲೂ ಇದೇ ಕಥೆ. ಬಂತೇ ಸ್ರೇಗೆ ಇಬ್ರೂ ಹೋಗಿ, ಊರಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್, ಟುಕ್‌ಟುಕಲ್ಲಿ ಗಾಳಿ ತಿನ್ಕೊಂಡು ಹಳ್ಳಿ ನೋಡ್ಕೊಂಡು. 967ರ ಗುಲಾಬಿ ಕಲ್ಲಿನ ಗುಡಿ, ಅಂಗೈಯಲ್ಲಿ ಹಿಡಿಯೋ ಹಾಗೆ ಪುಟ್ಟದು, ಯಾರಿಗೂ ಬೋರ್ ಆಗೋಷ್ಟರೊಳಗೆ ಮುಗಿಯುತ್ತೆ. ತಾ ಪ್ರೋಮ್ ದೇವಸ್ಥಾನದ ಗೋಡೆಗಳನ್ನ ಹಿಡಿದಿರೋ ಮರದ ಬೇರುಗಳನ್ನ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ನೋಡ್ಬಿಡಿ. ಉಳಿದದ್ದಕ್ಕೆ ಇಷ್ಟ ಇರೋರು ಒಬ್ರೇ ಹೋಗ್ಬರ್ಲಿ, ಇನ್ನೊಬ್ರು ಮಲಗ್ಲಿ, ಎರಡು ಗಂಟೆ ಬೇರೆ ಬೇರೆ ಇದ್ರೆ ಮದ್ವೆ ಏನೂ ಮುಳುಗಲ್ಲ.

ತಿಂಗಳು ನೋಡಿ ಬುಕ್ ಮಾಡಿ. ನವೆಂಬರಿಂದ ಫೆಬ್ರವರಿ ಹವಾಮಾನ ಚೆನ್ನಾಗಿರುತ್ತೆ, ಏಪ್ರಿಲ್ ಬೇಡ, ಬೆಂದು ಹೋಗ್ತೀರ. ಆದ್ರೆ ಈ ವರ್ಷಗಳಲ್ಲಿ ರಂಜಾನ್ ಫೆಬ್ರವರಿಗೆ ಬಂದಿದೆ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತೆ, 2028ರ ಹೊತ್ತಿಗೆ ಜನವರಿ ಕೊನೆಗೆ. ಉಪವಾಸದಲ್ಲಿ ಆ ಮೆಟ್ಟಿಲು ಹತ್ತೋ ಆಸೆ ಇಲ್ಲ ಅಂದ್ರೆ ಡಿಸೆಂಬರ್ ಮೊದಲ ಎರಡು ವಾರ ಹಿಡೀರಿ, ಕ್ರಿಸ್ಮಸ್ ರೇಟ್ ಏರೋಕೆ ಮುಂಚೆ.