ಎಂಟು ಮೂಲೆಯ ಮಠ

ನಮ್ಮ ಅಜ್ಜಂದಿರ ಕಾಲದವರು ಶಾಲೆಗೆ ಹೋಗುತ್ತಿರಲಿಲ್ಲ, ಮಠಕ್ಕೆ ಹೋಗುತ್ತಿದ್ದರು. ಕೂಲಿಮಠದ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಆ ದಿನಗಳಲ್ಲಿ ದೇವರಿಗೂ ಮಗ್ಗಿಗೂ ಎಷ್ಟೋ ಕಡೆ ಒಂದೇ ಸೂರು ಸಾಕಾಗುತ್ತಿತ್ತು. ಹಾಗಾಗಿ ಅಮೆರಿಕದ ಪೆನ್ಸಿಲ್ವೇನಿಯಾದ ಬರ್ಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಪ್ರಾರ್ಥನಾ ಮಂದಿರದ ಮಗ್ಗುಲಲ್ಲೇ ಕಲ್ಲಿನ ಶಾಲೆಯೊಂದು ಇರುವುದು ನನಗೆ ಸೋಜಿಗವೆನಿಸಲಿಲ್ಲ. ಸೋಜಿಗವೆನಿಸಿದ್ದು ಅದರ ಆಕಾರ. 1819ರಲ್ಲಿ ಕಟ್ಟಿದ ಆ ಶಾಲೆಗೆ ಗೋಡೆಗಳು ನಾಲ್ಕಲ್ಲ, ಎಂಟು.

ಕಟ್ಟಿದವರ ಲೆಕ್ಕ ಜಾಣತನದ್ದೇ. ಅಷ್ಟೇ ಉದ್ದದ ಗೋಡೆಯನ್ನು ಚೌಕವಾಗಿ ಕಟ್ಟುವ ಬದಲು ಎಂಟು ಮುಖವಾಗಿ ಕಟ್ಟಿದರೆ ಒಳಗೆ ಸುಮಾರು ಶೇಕಡಾ 20ರಷ್ಟು ಹೆಚ್ಚು ನೆಲ ದೊರಕುತ್ತದೆ. ನಟ್ಟನಡುವೆ ಒಲೆಯಿಟ್ಟರೆ ಎಲ್ಲ ಗೋಡೆಗೂ ಶಾಖ ತಲುಪುತ್ತದೆ. ಸೂರ್ಯ ಯಾವ ಕಡೆಗಿದ್ದರೂ ಯಾವುದಾದರೊಂದು ಕಿಟಕಿ ಅವನನ್ನು ಒಳಗೆ ಕರೆಯುತ್ತದೆ. ಆ ಸೀಮೆಯ ಇಂಥ ಶಾಲೆಗಳಲ್ಲಿ ದೊಡ್ಡ ಮಕ್ಕಳು ಗೋಡೆಗೆ ಮುಖಮಾಡಿ ಕೂರುತ್ತಿದ್ದರು, ಚಿಕ್ಕವರಿಗೆ ಒಲೆಯ ಹತ್ತಿರದ ಬೆಂಚು. ಆದರೆ ಮೂರನೆಯ ತರಗತಿಯ ಬಹುಭಾಗವನ್ನು ಮೂಲೆಯಲ್ಲಿ ನಿಂತೇ ಕಳೆದ ನನಗೆ ಒಂದು ಕೊರತೆ ಕಾಣುತ್ತದೆ. ಚೌಕದ ಮೂಲೆ ಎರಡೂ ಭುಜಗಳಿಗೆ ಆಸರೆ ಕೊಡುತ್ತದೆ, ಅಲ್ಲಿ ನಿಂತೇ ತೂಕಡಿಸಬಹುದು. 135 ಡಿಗ್ರಿಯ ಮೂಲೆಯಲ್ಲಿ ಆ ಸುಖವಿಲ್ಲ. ಎಂಟು ಮೂಲೆಗಳಿದ್ದರೂ ಒಂದೂ ಉಪಯೋಗಕ್ಕೆ ಬಾರದು!

ಪಕ್ಕದ ಮಂದಿರ 1763ರಷ್ಟು ಹಳೆಯದು. ಅಲ್ಲಿ ಪೂಜಾರಿಯಿಲ್ಲ, ಮಂತ್ರವಿಲ್ಲ. ಯಾರಿಗಾದರೂ ಒಳಗಿನಿಂದ ಮಾತು ಹುಟ್ಟುವವರೆಗೆ ಎಲ್ಲರೂ ಮೌನವಾಗಿ ಕುಳಿತಿರುವುದೇ ಆರಾಧನೆ. ಯುದ್ಧವನ್ನೇ ಒಪ್ಪದ ಈ ಜನರ ಅಂಗಳಕ್ಕೆ 1777ರ ಸೆಪ್ಟೆಂಬರ್ 11ರಂದು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬ್ರಾಂಡಿವೈನ್ ಕದನ ನುಗ್ಗಿತು. ಮಂದಿರ ಆಸ್ಪತ್ರೆಯಾಯಿತು, ಸ್ಮಶಾನದ ಕಲ್ಲುಗೋಡೆ ವಾಷಿಂಗ್ಟನ್ನನ ಸೈನಿಕರಿಗೆ ಮರೆಯಾಯಿತು, ಸತ್ತ ಎರಡೂ ಕಡೆಯವರು ಅದೇ ಮಣ್ಣು ಸೇರಿದರು. ಅಂದು ಗುರುವಾರ, ವಾರದ ನಡುವಿನ ಸಭೆಯ ದಿನ. ಮಂದಿರ ಸೈನ್ಯದ ವಶವಾಗಿದ್ದುದರಿಂದ ಕ್ವೇಕರರು ಹತ್ತಿರದಲ್ಲಿ ಗಾಡಿಯ ಚಕ್ರ ಮಾಡುವ ಬಡಗಿಯೊಬ್ಬನ ಅಂಗಡಿಯಲ್ಲಿ ಸೇರಿದರು, ಮತ್ತು ಬ್ರಿಟಿಷ್ ಪಡೆ ಬರುತ್ತಿದೆಯೆಂಬ ಗದ್ದಲ ಹೊರಗೆ ಏಳುವವರೆಗೂ ಎಂದಿನಂತೆ ಸುಮ್ಮನೆ ಕುಳಿತಿದ್ದರು.