ಡಬ್ಬಿ ಮೇಲಿನ ನಾಲ್ಕಕ್ಷರ

ಸ್ಟುಟ್‌ಗಾರ್ಟಿನಲ್ಲಿ ನನ್ನ ಮೊದಲ ದೀಪಾವಳಿ. ರವೆ ಉಂಡೆ ಕಟ್ಟಿದ್ದೆ. ಕೆಳಗಿನ ಮನೆಯ ಜರ್ಮನ್ ಅಜ್ಜಿಗೂ ನಾಲ್ಕು ಕೊಡೋಣ ಅಂತ ಹೋದರೆ ಬಾಗಿಲಿಗೆ ಬೀಗ. ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟೆ. ಯಾರೋ ಮರೆತು ಹೋದದ್ದು ಅಂದುಕೊಂಡಾರು ಅಂತ ಮುಚ್ಚಳದ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಇಂಗ್ಲಿಷಿನಲ್ಲಿ, ದಪ್ಪಗೆ 'ಗಿಫ್ಟ್' ಎಂದು ಬರೆದೆ. ನನ್ನ ಹೆಸರು ಬರೆಯಲು ಮಾತ್ರ ಮರೆತೆ.

ಸಂಜೆ ಬೆಲ್ ಆಯಿತು. ಅಜ್ಜಿ ಡಬ್ಬಿಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದು ನಿಂತಿದ್ದರು. "ಇದು ನಿಮ್ಮದಾ?" ನಾನು ಹಲ್ಲು ಬಿಟ್ಟು, "ನಿಮಗೇ ಅಂತ ಮಾಡಿದ್ದು, ತಿನ್ನಿ" ಎಂದೆ.

ಜರ್ಮನ್ ಭಾಷೆಯಲ್ಲಿ ಗಿಫ್ಟ್ ಅಂದರೆ ವಿಷ. ಇಲಿ ಪಾಷಾಣಕ್ಕೂ ಅದೇ ಹೆಸರು. ಉಡುಗೊರೆಗೆ ಅವರು ಗೆಶೆಂಕ್ ಅನ್ನುತ್ತಾರೆ. ಅಜ್ಜಿಯೇ ಇದನ್ನು ಬಿಡಿಸಿ ಹೇಳಿದರು. ಅವರಿಗೆ ಧೈರ್ಯ ಬರಲಿ ಅಂತ ನಾನೇ ಒಂದು ಉಂಡೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಒಣ ರವೆ ಗಂಟಲಿಗೆ ಸಿಕ್ಕಿತು. ಕೆಮ್ಮು, ಕಣ್ಣಲ್ಲಿ ನೀರು, ಮುಖ ಕೆಂಪು. ಅಜ್ಜಿ ಎರಡು ಮೆಟ್ಟಿಲು ಕೆಳಗಿಳಿದರು.

ಮಾರನೆಯ ದಿನ ಡಬ್ಬಿ ತೊಳೆದು ವಾಪಸ್ ಬಂತು. ತಿಂದರೋ ಚೆಲ್ಲಿದರೋ, ನಾನು ಕೇಳಲಿಲ್ಲ.

ರಾತ್ರಿ ಕೂತು ಈ ಪದದ ಜಾತಕ ಹುಡುಕಿದೆ. ಇಂಗ್ಲಿಷಿನ 'ಗಿವ್', ಜರ್ಮನ್ನರ 'ಗೇಬನ್' ಎಲ್ಲಾ ಒಂದೇ ಬೇರಿನವು. ಗಿಫ್ಟ್ ಅಂದರೆ ಸುಮ್ನೆ 'ಕೊಟ್ಟದ್ದು', ಅಷ್ಟೇ. ಜರ್ಮನ್ನರಲ್ಲೂ ಮೊದಲು ಹಾಗೇ ಇತ್ತು. ಗ್ರೀಕರ 'ಡೋಸಿಸ್' ಅಂದರೂ ಕೊಡುವುದೇ. ನಮ್ಮ ಡಾಕ್ಟರ ಡೋಸ್ ಬಂದದ್ದು ಅಲ್ಲಿಂದ. ಅದನ್ನು ನೋಡಿ ಗಿಫ್ಟ್ ಕೂಡ ಕೊಟ್ಟ ಮದ್ದಾಯಿತು. ಆಮೇಲೆ ವಿಷ ಎನ್ನಲು ನಾಲಿಗೆ ಏಳದವರಿಗೆ ಮರೆಮಾತಾಯಿತು. ಹಳೆಯ ಅರ್ಥ ಈಗ 'ಮಿಟ್‌ಗಿಫ್ಟ್' ಎಂಬ ಪದದಲ್ಲಿ ಉಳಿದಿದೆ. ಹಾಗೆಂದರೆ ವರದಕ್ಷಿಣೆ! ಹಳೆ ಇಂಗ್ಲಿಷಿನಲ್ಲೂ ಗಿಫ್ಟ್ ಅಂದರೆ ಹೆಣ್ಣಿಗೆ ಕೊಡುವ ತೆರ. ಸ್ವೀಡನ್ನಿನವರದ್ದು ಇನ್ನೂ ಜಾಸ್ತಿ. ಅವರಲ್ಲಿ ವಿಷವೂ ಗಿಫ್ಟ್, ಮದುವೆಯಾದವರೂ ಗಿಫ್ಟ್.

ಇಷ್ಟನ್ನೂ ಅಮ್ಮನಿಗೆ ಫೋನಿನಲ್ಲಿ ಒದರಿದೆ. ಆಕೆಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ನಿಮ್ಮಕ್ಕನ್ನ ಹಾಸನಕ್ಕೆ ಕೊಟ್ಟಿದ್ದೀವಿ ಅನ್ನಲ್ವಾ? ಊಟದಲ್ಲಿ ಮದ್ದು ಹಾಕಿದ್ರು ಅಂದ್ರೆ ಅದೇನು ಕಷಾಯಾನಾ? ಅದಿರ್ಲಿ, ಉಂಡೆಗೆ ತುಪ್ಪ ಎಷ್ಟು ಹಾಕಿದ್ದೆ?"

"ನಾಲ್ಕು ಚಮಚ."

"ಮತ್ತೆ ಕೆಮ್ಮದೆ ಇನ್ನೇನು!"