ತೊಟ್ಟಿ ಇದೆಯೇ ಎಂದು ಕೇಳಿದರೆ ಸಾಲದು

2024ರ ಮಾರ್ಚ್ ತಿಂಗಳಲ್ಲಿ ಹಿರಿಯೂರು ತಾಲ್ಲೂಕಿನ ನಮ್ಮ ಊರಿನಲ್ಲಿ ನಡೆದ ಮನೆಮನೆ ನೀರಿನ ಸಮೀಕ್ಷೆಗೆ ನಾನೂ ಸ್ವಯಂಸೇವಕನಾಗಿ ಹೋಗಿದ್ದೆ. ಹಿಂದಿನ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು. ಬರ ಬಂದರೆ ಎದುರಿಸಲು ಜನ ಎಷ್ಟರಮಟ್ಟಿಗೆ ಸಿದ್ಧರಿದ್ದಾರೆ, ಮನೆಯಲ್ಲಿ ಎಷ್ಟು ನೀರು ಕೂಡಿಟ್ಟುಕೊಳ್ಳುತ್ತಾರೆ ಎಂದು ತಿಳಿಯುವುದು ಸಮೀಕ್ಷೆಯ ಉದ್ದೇಶವಾಗಿತ್ತು. ಆ ಉದ್ದೇಶದ ಬಗ್ಗೆ ನನಗೆ ಆಗಲೂ ತಕರಾರಿರಲಿಲ್ಲ, ಈಗಲೂ ಇಲ್ಲ. ನನ್ನ ತಕರಾರು ಇರುವುದು ನಾವು ಕೇಳಿದ ಪ್ರಶ್ನೆಗಳ ಬಗ್ಗೆ.

ಕೆಳಗಿನ ಕೇರಿಯ ಒಂದು ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರೇ ಇದ್ದರು. "ನೀರಿನ ತೊಟ್ಟಿ ಐತೇನಜ್ಜಿ?" ಎಂದು ಕೇಳಿದೆ. "ಐತೆ ಕಣಪ್ಪ. ಬಿರುಕು ಬಿಟ್ಟು ಎರಡು ವರ್ಷ ಆತು, ಅದನ್ನೂ ಬರ್ಕಂತೀಯಾ?" ಎಂದರು. ನಮೂನೆಯಲ್ಲಿ ಇದ್ದದ್ದು 'ಹೌದು' ಮತ್ತು 'ಇಲ್ಲ' ಎಂಬ ಎರಡೇ ಚೌಕಗಳು. ನಾನು 'ಹೌದು' ಎಂಬುದಕ್ಕೆ ಗುರುತು ಹಾಕಿದೆ. ಆಮೇಲೆ ಅಜ್ಜಿಯೇ ಒಳಗೆ ಕರೆದು ತೋರಿಸಿದರು: ಕುಡಿಯಲು ಫಿಲ್ಟರ್ ನೀರು ತುಂಬಿ ಬಟ್ಟೆ ಕಟ್ಟಿಟ್ಟ ತಾಮ್ರದ ಬಿಂದಿಗೆ, ಅಡುಗೆಗೆ ಎರಡು ಕೊಡ, ಬಚ್ಚಲಲ್ಲಿ ಒಂದು ಹಂಡೆ, ಹೊರಗೆ ಎಮ್ಮೆಗೆಂದು ಇಟ್ಟ ನೀಲಿ ಡ್ರಮ್ಮು. ಪಾತ್ರೆ ತೊಳೆದ ನೀರು ಒಂದು ಬಕೆಟ್ಟಿಗೆ, ಅಲ್ಲಿಂದ ಕರಿಬೇವಿನ ಗಿಡದ ಬುಡಕ್ಕೆ ಹೋಗುತ್ತಿತ್ತು. ಯಾವ ನೀರು ಯಾವುದಕ್ಕೆ, ಯಾವುದು ಮೊದಲು ಮುಗಿಯುತ್ತದೆ, ಮುಗಿದಾಗ ಯಾರ ಮನೆಯ ಬೋರಿಗೆ ಹೋಗಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಬರದ ಸಿದ್ಧತೆ ಎಂದರೆ ಅದೇ ಆಗಿದ್ದರೂ ಅದನ್ನು ಬರೆದುಕೊಳ್ಳಲು ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ನಲ್ಲಿಯ ನೀರು ಇವತ್ತಿಗೆ ನಿಂತರೆ ನಿಮ್ಮ ಮನೆ ಎಷ್ಟು ದಿನ ನಡೆಯುತ್ತದೆ ಎಂಬುದು. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಲೆಕ್ಕ ಹಾಕುತ್ತದೆ. ಆ ಪ್ರಕಾರ ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಬೇಕು. ತಾರಸಿಯ ಮೇಲೆ 500 ಲೀಟರಿನ ಸಿಂಟೆಕ್ಸ್ ಇರುವವರು ನಮೂನೆಯಲ್ಲಿ 'ಸಂಗ್ರಹ ಇದೆ' ಎಂಬ ಗುಂಪಿಗೆ ಸೇರುತ್ತಾರೆ, ಆದರೆ ಆ ನೀರು ಎರಡು ದಿನಕ್ಕೂ ಪೂರ್ತಿ ಬರುವುದಿಲ್ಲ. ಹತ್ತು ಸಾವಿರ ಲೀಟರಿನ ಸಂಪು ಇರುವವರೂ ಅದೇ ಗುಂಪಿಗೆ ಸೇರುತ್ತಾರೆ, ಅವರಿಗೆ ಒಂದು ತಿಂಗಳು ದಾಟಿಯೂ ನೀರು ಉಳಿಯುತ್ತದೆ. ಈ ಎರಡು ಮನೆಗಳನ್ನು ಒಂದೇ ಸಾಲಿನಲ್ಲಿ ಎಣಿಸಿದ ವರದಿಯನ್ನು ನಂಬಿ ಟ್ಯಾಂಕರ್ ಯಾವ ಬೀದಿಗೆ ಮೊದಲು ಹೋಗಬೇಕೆಂದು ತೀರ್ಮಾನಿಸುವುದಾದರೂ ಹೇಗೆ? ಇನ್ನು ಆ 55 ಲೀಟರಿನಲ್ಲಿ ದನಕರುಗಳ ಪಾಲಿಲ್ಲ. ಬೇಸಿಗೆಯಲ್ಲಿ ಒಂದು ಎಮ್ಮೆ ನಲವತ್ತು ಐವತ್ತು ಲೀಟರ್ ಸಲೀಸಾಗಿ ಕುಡಿಯುತ್ತದೆ, ಮತ್ತು ನಮ್ಮ ಕಡೆ ನೀರಿಲ್ಲದ ಮನೆಯವರು ಮೊದಲು ಮಾರುವುದು ಆ ಎಮ್ಮೆಯನ್ನೇ.

ಉತ್ತರ ಕೊಡುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಜಗಲಿಯ ಮೇಲೆ ಕುಳಿತಿದ್ದ ಯಜಮಾನರನ್ನು ಕೇಳಿದರೆ "ನೀರಿಗೇನೂ ತೊಂದರೆ ಇಲ್ಲ" ಎನ್ನುತ್ತಿದ್ದರು. ಅದೇ ಮನೆಯ ಸೊಸೆಯನ್ನು ಕೇಳಿದಾಗ, ಮೂರು ದಿನಕ್ಕೊಮ್ಮೆ ನೀರು ಬಿಡುವುದರಿಂದ ನಸುಕಿನಲ್ಲಿ ಎದ್ದು ಸಿಸ್ಟನ್ನಿನ, ಅಂದರೆ ಬೀದಿಯ ನೀರಿನ ತೊಟ್ಟಿಯ, ಹತ್ತಿರ ಕೊಡ ಸಾಲಿಗಿಡುತ್ತೇನೆ ಎಂದರು. ಊರಿಗೆ ನೀರು ಬಿಡುವ ನೀರಗಂಟಿಯನ್ನಂತೂ ಯಾರೂ ಮಾತನಾಡಿಸಲೇ ಇಲ್ಲ. ಯಾವ ಬೋರು ಯಾವ ತಿಂಗಳಲ್ಲಿ ಸಣ್ಣಗಾಗುತ್ತದೆ, ಯಾವ ಬೀದಿಯ ಕೊನೆಗೆ ನೀರು ಏರುವುದಿಲ್ಲ ಎಂಬುದನ್ನು ಆತನಷ್ಟು ಚೆನ್ನಾಗಿ ಬಲ್ಲವರು ಊರಿನಲ್ಲಿ ಇನ್ನೊಬ್ಬರಿಲ್ಲ.

ಕೊಳವೆ ಬಾವಿಯ ವಿಚಾರ ಬಂದಾಗ ಜನ ಮಾತು ತೇಲಿಸುತ್ತಾರೆ. ಎಷ್ಟು ಕೊರೆಸಿದ್ದೀರಿ, ಎಷ್ಟು ಅಡಿ ಹೋಗಿದೆ, ಎಷ್ಟು ವಿಫಲವಾದವು ಎಂದರೆ ಅರ್ಧ ಉತ್ತರ ಕೊಡುತ್ತಾರೆ. ನೋಂದಣಿ ಕೇಳುತ್ತಾರೋ, ಕರೆಂಟ್ ಕೀಳುತ್ತಾರೋ, ಪರಿಹಾರದ ಪಟ್ಟಿಯಿಂದ ಹೆಸರು ತೆಗೆಯುತ್ತಾರೋ ಎಂಬ ಭಯ ಅವರಿಗಿದೆ, ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಬರೆದುಕೊಂಡು ಹೋದವರು ತಿರುಗಿ ಬಂದು, ನೋಡಿ, ನಿಮ್ಮ ಊರಿನ ಲೆಕ್ಕ ಹೀಗಿದೆ ಎಂದು ಒಮ್ಮೆಯಾದರೂ ಹೇಳಿದ್ದರೆ ಆ ಭಯ ಇಷ್ಟು ಬೇರೂರುತ್ತಿರಲಿಲ್ಲ. ನಾವು ಬರೆದುಕೊಂಡ ಹಾಳೆಗಳೂ ಹಾಗೆಯೇ ಹೋದವು. ಗ್ರಾಮಸಭೆಯಲ್ಲಿ ಅವುಗಳ ಒಂದು ಸಾಲನ್ನೂ ಯಾರೂ ಓದಲಿಲ್ಲ.

ನಮ್ಮ ಸೀಮೆಗೆ ನೀರು ಕೂಡಿಡುವುದನ್ನು ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗಳ ಮೇಲೆ ಬಿದ್ದ ಮಳೆನೀರು ಮೇಲಿನ ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ಇಳಿಯುವ ಏರ್ಪಾಡನ್ನು ಇವತ್ತಿಗೂ ನೋಡಬಹುದು. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಊರಿಗೆ ಊರೇ ಹೋಗಿ ಆ ಕೋಡಿ ನೋಡಿ ಬಂದಿತ್ತು. ಮರುವರ್ಷವೇ ಬರ ಬಂತು, ಮತ್ತು ಜಲಾಶಯ ಅಷ್ಟು ಸಮೀಪದಲ್ಲಿದ್ದರೂ ನಮ್ಮ ಕೇರಿಯ ಕೊಡಗಳು ಸಾಲಿನಲ್ಲೇ ಇದ್ದವು. ಸಾವಿರ ಚದರ ಅಡಿಯ ತಾರಸಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 46 ಸಾವಿರ ಲೀಟರ್ ನೀರಾಗುತ್ತದೆ. ಅದರಲ್ಲಿ ಅರ್ಧ ಹಿಡಿದರೂ ಐದು ಜನರ ಮನೆಗೆ ಎರಡೂವರೆ ತಿಂಗಳಿಗಿಂತ ಹೆಚ್ಚು ಬರುತ್ತದೆ. ಹಾಗಿದ್ದೂ ಜನ ಏಕೆ ಹಿಡಿಯುತ್ತಿಲ್ಲ? ಸಂಪು ಕಟ್ಟಿಸಲು ದುಡ್ಡಿಲ್ಲವೇ, ಜಾಗವಿಲ್ಲವೇ, ಮನೆಗೆ ಹೆಂಚಿನ ಮಾಡು ಇದೆಯೇ, ನೀರಿಗೆ ಹುಳ ಬೀಳುತ್ತದೆಂಬ ಹೆದರಿಕೆಯೇ? ಒಂದೊಂದು ಕಾರಣಕ್ಕೂ ಪರಿಹಾರ ಬೇರೆ. ಸಮೀಕ್ಷೆ ಮಾಡುವುದು ಈ ಕಾರಣಗಳನ್ನು ಹುಡುಕುವುದಕ್ಕೆ ಎಂದು ನಾನು ನಂಬಿದ್ದೇನೆ.

ಬರುವ ಫೆಬ್ರವರಿಯಲ್ಲಿ, ಬೋರುಗಳು ಸಣ್ಣಗಾಗುವ ಮೊದಲು, ನಾವು ನಾಲ್ಕೈದು ಜನ ಸೇರಿ ಊರಿನ ಎಲ್ಲ ಮನೆಗಳಿಗೂ ಹೋಗುತ್ತೇವೆ. ಒಂದೇ ಪುಟದ ಹಾಳೆಯಲ್ಲಿ ಎಷ್ಟು ದಿನದ ನೀರಿದೆ, ಹೊರುವವರು ಯಾರು, ದನಕರು ಎಷ್ಟು, ತೊಟ್ಟಿ ಬಿರುಕು ಬಿಟ್ಟಿದೆಯೇ ಎಂದು ಕೇಳುತ್ತೇವೆ. ನೀರಗಂಟಿ ನಮ್ಮ ಜೊತೆ ಬರಲು ಒಪ್ಪಿದ್ದಾನೆ. ಬಂದ ಲೆಕ್ಕವನ್ನು ಮುಂದಿನ ಗ್ರಾಮಸಭೆಯಲ್ಲಿ ಬೀದಿವಾರು ಓದುತ್ತೇವೆ.